ಯಾವುದು ಬಾಕಿ?

ಬಾಡಿಗೆ ಬಾಕಿ ಬಿದ್ದರೆ ಮನೆ ಬಿಡಬೇಕೆಂಬುದು ವಠಾರದಲ್ಲಿ ಬೆಳೆದ ಯಾರಿಗೂ ಹೊಸ ಮಾತಲ್ಲ. ಯಾವುದು ಬಾಕಿ ಎಂದು ಮಾತ್ರ ನಾವು ಕೇಳುವುದು ಕಡಿಮೆ. 1915ರಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ನಗರದ ಗೃಹಿಣಿಯರು ಅದನ್ನು ಕೇಳಿದರು.

ಮೊದಲನೆಯ ಮಹಾಯುದ್ಧದ ಕಾಲ. ಕ್ಲೈಡ್ ನದಿಯ ಹಡಗುಕಟ್ಟೆಗಳಿಗೂ ಮದ್ದುಗುಂಡಿನ ಕಾರ್ಖಾನೆಗಳಿಗೂ ಸಾವಿರಾರು ಕೆಲಸಗಾರರು ಬಂದು ತುಂಬಿದ್ದರು; ಹೊಸ ಮನೆಗಳಿಲ್ಲ. ಕೇಳುವವರು ಹೆಚ್ಚಿದ ಮೇಲೆ ಮಾಲೀಕರು ಸುಮ್ಮನಿರುವರೆ? ಬಾಡಿಗೆ ಏರಿತು. ಗಂಡಂದಿರು ರಣರಂಗದಲ್ಲಿರುವಾಗ ಹೆಂಡಿರ ಕೈಗೆ ನೋಟೀಸು ಬಂದಿತು.

ಗೋವನ್ ಬಡಾವಣೆಯ ಮೇರಿ ಬಾರ್ಬರ್ ಎಂಬ ಗೃಹಿಣಿ ನೆರೆಹೊರೆಯ ಹೆಂಗಸರನ್ನು ಒಟ್ಟುಗೂಡಿಸಿದಳು. ಅವರು ಬಾಡಿಗೆ ಕೊಡೆವೆಂದವರಲ್ಲ. ಹಳೆಯ ಬಾಡಿಗೆ ಕೊಡುತ್ತೇವೆ, ಏರಿಸಿದ್ದನ್ನು ಕೊಡೆವು ಎಂದವರು. ಮಾಲೀಕರ ಲೆಕ್ಕದ ಪುಸ್ತಕದಲ್ಲಿ ಅದೂ ಬಾಕಿಯೇ. ಹೊರಹಾಕಲು ಅಮೀನರು ಹೊರಟರು. ವಠಾರದ ಬಾಗಿಲಲ್ಲಿ ಒಬ್ಬಳು ಗಂಟೆ ಹಿಡಿದು ಕಾವಲು ಕೂರುವಳು. ಅಮೀನನ ತಲೆ ಕಂಡೊಡನೆ ಗಂಟೆ ಬಾರಿಸುವಳು. ಅಡಿಗೆಮನೆಯಿಂದ ಒಬ್ಬಳು ಹಿಟ್ಟಿನ ಕೈಯಲ್ಲೇ, ಬಟ್ಟೆ ಒಗೆಯುವಲ್ಲಿಂದ ಇನ್ನೊಬ್ಬಳು ಒದ್ದೆ ಬಟ್ಟೆಯೊಡನೆ ಧಾವಿಸುವರು. ಹಿಟ್ಟು ಮೆತ್ತಿಕೊಂಡು ಹಿಂದಿರುಗಿದ ಸರ್ಕಾರಿ ನೌಕರನ ಮೇಲೆ ನನಗೆ ತುಸು ಕನಿಕರವೂ ಇದೆ; ಬಾಡಿಗೆ ಏರಿಸಿದವನು ಅವನಲ್ಲವಷ್ಟೆ.

ನವೆಂಬರ್ ಹೊತ್ತಿಗೆ ಸುಮಾರು 20,000 ಮನೆಗಳವರು ಚಳವಳಿಯಲ್ಲಿದ್ದರು. 17ನೆಯ ತಾರೀಖು 18 ಬಾಡಿಗೆದಾರರನ್ನು ನ್ಯಾಯಾಲಯಕ್ಕೆ ಕರೆಸಲಾಯಿತು. ಹಡಗುಕಟ್ಟೆಯ ಕೆಲಸಗಾರರು ಕೆಲಸ ಬಿಟ್ಟು ಹೆಂಗಸರೊಡನೆ ಸಾವಿರಗಟ್ಟಲೆ ಬಂದು ನ್ಯಾಯಾಲಯದೆದುರು ನೆರೆದರು. ಹಡಗು ನಿಂತರೆ ಯುದ್ಧವೇ ನಿಂತೀತು! ಮೊಕದ್ದಮೆ ಕೈಬಿಟ್ಟಿತು.

ಅದೇ ಡಿಸೆಂಬರಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿ, ಸಣ್ಣ ಮನೆಗಳ ಬಾಡಿಗೆಯನ್ನು ಯುದ್ಧಾರಂಭದ ಮಟ್ಟಕ್ಕೆ ಕಟ್ಟಿಹಾಕಿತು. ಕಾಯಿದೆ ಒಪ್ಪಿದ ಬಾಡಿಗೆಯನ್ನು ಸಲ್ಲಿಸುತ್ತಿರುವವರೆಗೆ ಬಾಡಿಗೆದಾರನನ್ನು, ಅಂಥ ಬೇರೆ ಕಾರಣವಿಲ್ಲದೆ, ಒಕ್ಕಲೆಬ್ಬಿಸುವಂತಿಲ್ಲ. ಸಾಲ ಮಾಡಿ ಮನೆ ಕಟ್ಟಿಸಿದ ಮಾಲೀಕನನ್ನೂ ಅದು ಮರೆಯಲಿಲ್ಲ. ಅಡಮಾನದ ಬಡ್ಡಿಯನ್ನೂ ಏರಿಸಬಾರದೆಂದಿತು. ಒಂದು ಬಾಡಿಗೆಯ ಮನೆಯನ್ನೇ ನಂಬಿ ಬದುಕುವ ಮಾಲೀಕರನ್ನು ಕಂಡವರಿಗೆ ಈ ಮಾತಿನ ಬೆಲೆ ಗೊತ್ತು.

ನಮ್ಮ ದೇಶದಲ್ಲಿ ಮುಂಬಯಿಗೆ 1918ರಲ್ಲಿ ಯುದ್ಧಕಾಲದ ಬಾಡಿಗೆ ಕಾಯಿದೆ ಬಂದಿತು. ಮುಂದೆ ನಮ್ಮ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆ, ಬಾಕಿಗಾಗಿ ಮನೆ ಬಿಡಿಸುವ ಮುನ್ನ ನೋಟೀಸು ಕೊಟ್ಟು ಎರಡು ತಿಂಗಳು ಕಾಯಬೇಕೆಂದಿತು. ಆ ಬಾಕಿಯೂ ಎಂಥದು? ಕಾನೂನಿನಂತೆ ವಸೂಲು ಮಾಡಬಹುದಾದ ಬಾಕಿ.