ಪ್ರಳಯಾನಂತರದ ಕಥೆ: ಐದು ಚಲಚ್ಚಿತ್ರಗಳ ತಾರತಮ್ಯ

ಕುಮಾರವ್ಯಾಸನು ಗದಾಪರ್ವದವರೆಗೆ ಹತ್ತು ಪರ್ವಗಳನ್ನು ಹಾಡಿ ಭಾರತವನ್ನು ನಿಲ್ಲಿಸಿದನೆಂಬುದೂ, ಉಳಿದ ಎಂಟನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಪೂರ್ತಿಗೊಳಿಸಿದನೆಂಬುದೂ ವಾಚಕ ಮಹಾಶಯರಿಗೆ ವಿದಿತವಾದ ಸಂಗತಿಗಳೇ ಸರಿ. ಗಮಕಿಗಳು ಕರ್ಣಪರ್ವವನ್ನು ಓದುವರೆಂದರೆ ನಮ್ಮ ಸೀಮೆಯಲ್ಲಿ ಜನ ನೆರೆಯುವರು; ಮೌಸಲಪರ್ವವನ್ನು ಹೇಳಿಸುವವರು ವಿರಳ. ಆದರೂ ಸರ್ವನಾಶವಾದ ಮೇಲೆ ಬದುಕುಳಿದವರ ಪಾಡೇನೆಂಬ ಪ್ರಶ್ನೆಯನ್ನು ನೇರವಾಗಿ ಎತ್ತುವುದು ಆ ಪುಟ್ಟ ಪರ್ವವೇ. ಯಾದವರು ತಮ್ಮೊಳಗೆ ಹೊಡೆದಾಡಿ ಅಳಿದರು. ದ್ವಾರಕೆಯನ್ನು ಸಮುದ್ರವು ನುಂಗಿತು. ಸ್ತ್ರೀಯರನ್ನೂ ವೃದ್ಧರನ್ನೂ ಬಾಲರನ್ನೂ ಕರೆದುಕೊಂಡು ಅರ್ಜುನನು ಹೊರಟನು. ಪಂಚನದದಲ್ಲಿ ದೊಣ್ಣೆ ಹಿಡಿದ ಆಭೀರರು ಮೇಲೆ ಬಿದ್ದರು. ಗಾಂಡೀವಕ್ಕೆ ಹೆದೆಯೇರಿಸುವುದೇ ಕಷ್ಟವಾಯಿತು; ಅಸ್ತ್ರಗಳು ನೆನಪಿಗೆ ಬಾರದೆ ಹೋದುವು; ಹೆಂಗಸರು ಕಣ್ಣೆದುರಿಗೇ ಅಪಹೃತರಾದರು.

ಇಂತಹುದೇ ದಾರಿಯ, ಇಂತಹುದೇ ದರೋಡೆಯ ಕಥೆಯನ್ನು ಆಸ್ಟ್ರೇಲಿಯಾ ದೇಶದ ಜಾರ್ಜ್ ಮಿಲ್ಲರ್ ಎಂಬವರು 'ಮ್ಯಾಡ್ ಮ್ಯಾಕ್ಸ್' ಎಂಬ ಐದು ಚಲಚ್ಚಿತ್ರಗಳ ಮಾಲೆಯಾಗಿ 1979ರಿಂದ 2024ರವರೆಗೆ ನಿರ್ಮಿಸಿರುವರು. ನಾನು ಇವುಗಳ ಅಭಿಮಾನಿ. ಒಂದೊಂದನ್ನೂ ಹಲವು ಸಲ ನೋಡಿರುವೆನು. ಪಾಠಶಾಲೆಯಲ್ಲಿ ಕಾವ್ಯಗಳಿಗೆ ಉತ್ತಮ, ಮಧ್ಯಮ, ಅವರ ಎಂದು ಹೇಳಿಕೊಟ್ಟ ತಾರತಮ್ಯವನ್ನು ಇವಕ್ಕೂ ಏಕೆ ಅನ್ವಯಿಸಬಾರದು? ನನ್ನ ನಿಕಷವೊಂದೇ: ಉಳಿದವರಿಗೆ ನೀರು, ಕೂಳು ಎಲ್ಲಿಂದ ಬಂದಿತೆಂದು ಕಥೆಯು ಕೇಳುವುದೋ ಇಲ್ಲವೋ? ಬಡಿದಾಟವು ಎಲ್ಲದರಲ್ಲಿಯೂ ಬೇಕಾದಷ್ಟಿದೆ.

ಮಾಲೆಯ ಹುಟ್ಟು ಹೀಗಾಯಿತು. ಮಿಲ್ಲರ್ ಮಹಾಶಯರು ವೃತ್ತಿಯಿಂದ ವೈದ್ಯರು. ಸಿಡ್ನಿ ನಗರದ ಆಸ್ಪತ್ರೆಯಲ್ಲಿ ರಸ್ತೆಯ ಅಪಘಾತಗಳಿಗೆ ಸಿಕ್ಕಿದವರನ್ನು ಹತ್ತಿರದಿಂದ ನೋಡಿದ್ದವರು. ಅವರೊಡನೆ ಮೊದಲ ಚಿತ್ರದ ಕಥೆಯನ್ನು ಬರೆದ ಜೇಮ್ಸ್ ಮೆಕಾಸ್ಲೆಂಡ್ ಪತ್ರಿಕೋದ್ಯೋಗಿ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ ಪೆಟ್ರೋಲಿಗಾಗಿ ಸಾಲು ನಿಂತ ಸಭ್ಯಗೃಹಸ್ಥರು ಹೇಗೆ ಕೈಕೈ ಮಿಲಾಯಿಸಿದರೆಂಬುದನ್ನು ಆತನು ಗಮನಿಸಿದ್ದನು. ಬೈರನ್ ಕೆನೆಡಿ ನಿರ್ಮಾಪಕ. ವೆಚ್ಚವು ನಾಲ್ಕು ಲಕ್ಷ ಆಸ್ಟ್ರೇಲಿಯಾ ಡಾಲರನ್ನು ಮೀರಲಿಲ್ಲ. ಗಳಿಕೆಯು ಹತ್ತು ಕೋಟಿ ಅಮೆರಿಕ ಡಾಲರಿಗೆ ಮೇಲ್ಪಟ್ಟಿತು. ಹೀಗಿದ್ದರೂ ಇದಕ್ಕೆ ನಾನು ಐದನೆಯ ಸ್ಥಾನವನ್ನೇ ಕೊಡುವೆನು. ಇಲ್ಲಿ ಲೋಕವು ಇನ್ನೂ ಬಿರುಕುಬಿಡುತ್ತಿದೆಯೇ ಹೊರತು ಬಿದ್ದಿಲ್ಲ. ಹೆಂಡತಿ ಮಗುವಿಗೆ ಘಾತವಾದುದಕ್ಕೆ ಪೋಲೀಸಿನವನೊಬ್ಬನು ಸೇಡು ತೀರಿಸಿಕೊಳ್ಳುವನು, ಅಷ್ಟೆ. ಒಂದು ವಿನೋದ: ಅಮೆರಿಕದಲ್ಲಿ ಇದನ್ನು ತೋರಿಸುವಾಗ ಆಸ್ಟ್ರೇಲಿಯಾದವರ ಇಂಗ್ಲಿಷಿನ ಮೇಲೆ ಅಮೆರಿಕದವರ ಇಂಗ್ಲಿಷನ್ನು ಹಚ್ಚಿದರು. ಮಂಡ್ಯದ ಮಾತನ್ನು ಧಾರವಾಡದವರ ಬಾಯಲ್ಲಿ ಹೇಳಿಸಿದ ಹಾಗಾಯಿತು!

ನಾಲ್ಕನೆಯದು 2024ರ 'ಫ್ಯೂರಿಯೋಸ'. ಅಪಹೃತಳಾದ ಬಾಲಿಕೆಯು ಬೆಳೆದು ಯೋಧಳಾಗುವ ಕಥೆ. ಚೆನ್ನಾಗಿದೆ, ಆದರೆ ಇದು ಹಿಂದಿನ ಚಿತ್ರಕ್ಕೆ ಪೀಠಿಕೆ, ಪೀಠಿಕೆಯು ಗ್ರಂಥಕ್ಕಿಂತ ಉದ್ದವಾಗಿರಬಾರದು.

1985ರ 'ಬಿಯಾಂಡ್ ಥಂಡರ್‌ಡೋಮ್' ಅನೇಕರಿಗೆ ಕಡೆಯದು, ನನಗೆ ಮೂರನೆಯದು. ಕೆನೆಡಿಯು 1983ರಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದ ಮೇಲೆ ಮಿಲ್ಲರ್ ಅವರು ಜಾರ್ಜ್ ಓಗಿಲ್ವಿ ಎಂಬವರೊಡನೆ ಇದನ್ನು ನಿರ್ದೇಶಿಸಿದರು. ಹಂದಿಯ ಸಗಣಿಯ ಅನಿಲದಿಂದ ದೀಪ ಉರಿಯುವ ಪೇಟೆಯೊಂದು ಇದರಲ್ಲಿದೆ. ಆ ಪೇಟೆಗೆ ಒಡತಿ ಮೇಲೆ, ಅನಿಲಕ್ಕೆ ಒಡೆಯ ಕೆಳಗೆ. 1902ರಲ್ಲಿ ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದುದನ್ನು ಬಲ್ಲ ಮಳವಳ್ಳಿಯವರಿಗೆ, ಶಕ್ತಿಯು ಹುಟ್ಟುವ ಸ್ಥಳವೊಂದು, ಬೆಳಗುವ ಸ್ಥಳವೊಂದು ಎಂಬುದನ್ನು ವಿವರಿಸಬೇಕಾಗಿಲ್ಲವಷ್ಟೆ. ಆದರೆ ನನ್ನ ಮನಸ್ಸು ಸೋತುದು ಮಕ್ಕಳಿಗೆ. ಬಿದ್ದ ವಿಮಾನದ ಬಳಿ ಬೆಳೆದ ಅನಾಥ ಮಕ್ಕಳು ಹಿರಿಯರ ವೃತ್ತಾಂತವನ್ನು ಕಂಠಪಾಠ ಮಾಡಿ, ಒಬ್ಬರಾದ ಮೇಲೊಬ್ಬರು ಹೇಳುವರು. ಮಾತುಗಳು ಸವೆದಿವೆ, ಅರ್ಥ ಕೆಟ್ಟಿದೆ, ಸ್ವರ ಮಾತ್ರ ಉಳಿದಿದೆ. ಅರ್ಥವರಿಯುವ ಮೊದಲೇ ಅಮರವನ್ನು ಬಾಯಿಪಾಠ ಮಾಡಿದವನಿಗೆ ಈ ದೃಶ್ಯವನ್ನು ಕೆಳಗಿಡಲು ಕೈಬಾರದು.

ಎರಡನೆಯದು 1981ರ 'ಮ್ಯಾಡ್ ಮ್ಯಾಕ್ಸ್ 2'. ಬ್ರೋಕನ್ ಹಿಲ್ ಎಂಬ ಗಣಿಯೂರಿನ ಸುತ್ತಣ ಬಯಲಿನಲ್ಲಿ ತೆಗೆದುದು. ತೈಲದ ಬಾವಿಯನ್ನು ಕಾಯುವ ಸಣ್ಣ ಸಮೂಹ, ಸುತ್ತ ಮುತ್ತಿದ ಕಳ್ಳರು, ನಡುವೆ ಮ್ಯಾಕ್ಸ್. ಮೌಸಲಪರ್ವಕ್ಕೆ ಇದರಷ್ಟು ಸಮೀಪವಾದುದಿಲ್ಲ. ಆತನು ಪ್ರಾಣವೊತ್ತೆಯಿಟ್ಟು ಓಡಿಸಿದ ದೊಡ್ಡ ಗಾಡಿಯು ಉರುಳಿದಾಗ ಸುರಿಯುವುದು ತೈಲವಲ್ಲ, ಮರಳು. ನಿಜವಾದ ತೈಲವು ಬೇರೆ ದಾರಿಯಲ್ಲಿ ಹೋಗಿರುವುದು. ವೀರನು ನೆಪಮಾತ್ರವೆಂದು ಇಷ್ಟು ಮಿತವಾಗಿ ಹೇಳಿರುವುದು ಶ್ಲಾಘ್ಯ.

ಆದರೆ ಇಲ್ಲಿ ಒಂದು ಆಕ್ಷೇಪಣೆಯುಂಟು. ನಾಶವಾದೊಡನೆ ಮನುಷ್ಯನು ಕಳ್ಳನಾಗಿಯೇ ತೀರುವನೆಂದು ಈ ಚಿತ್ರವು ನಂಬಿರುವಂತೆ ತೋರುವುದು. ನಮ್ಮ ಚರಿತ್ರೆಯು ಅದನ್ನು ಒಪ್ಪುವುದಿಲ್ಲ. 1876-78ರ ಧಾತು ಈಶ್ವರ ಸಂವತ್ಸರಗಳ ಕ್ಷಾಮವು ಈ ಸೀಮೆಗೆ ಪ್ರಳಯವೇ ಆಗಿದ್ದಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಹಸಿದವರು ಊರುಗಳನ್ನು ಬಿಟ್ಟರು, ದೊಂಬಿಗಳೂ ಆಗಿದ್ದಿರಬಹುದು; ಆದರೆ ಅದೇ ಹಸಿದ ಕೈಗಳು ಮಣ್ಣು ಹೊತ್ತು, ಮದ್ದೂರು ಮಂಡ್ಯಗಳ ಮೇಲೆ ಹಾಯುವ ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸದಲ್ಲಿ ದುಡಿದುವು. ತರುವಾಯ 1911ರಲ್ಲಿ ಕನ್ನಂಬಾಡಿಯ ಕಟ್ಟೆಗೆ ಕೈಹಾಕಿದರು.

ಮೊದಲನೆಯ ಸ್ಥಾನವನ್ನು 2015ರ 'ಫ್ಯೂರಿ ರೋಡ್' ಚಿತ್ರಕ್ಕೆ ಕೊಡುವುದು ಇದೇ ಕಾರಣದಿಂದ. ಬ್ರೋಕನ್ ಹಿಲ್ಲಿನಲ್ಲಿಯೇ ತೆಗೆಯಬೇಕೆಂದಿದ್ದರು. ಅಲ್ಲಿ ಅಕಾಲದಲ್ಲಿ ಮಳೆ ಸುರಿದು ಮರುಭೂಮಿಯು ಹೂಬಿಟ್ಟುದರಿಂದ ಆಫ್ರಿಕದ ನಮೀಬಿಯಕ್ಕೆ ಹೋಗಬೇಕಾಯಿತು. ಅಕಾಡೆಮಿಯ ಪ್ರಶಸ್ತಿಗಳು ಆರು ಬಂದುವು. ಸಂಕಲನದ್ದು ಮಿಲ್ಲರ್ ಅವರ ಪತ್ನಿ ಮಾರ್ಗರೆಟ್ ಸಿಕ್ಸೆಲ್ ಅವರಿಗೆ. ಇಲ್ಲಿ ಖಳನ ಬಲವಿರುವುದು ಸೈನ್ಯಕ್ಕಿಂತ ತೂಬಿನಲ್ಲಿ. ನೆಲದಾಳದ ನೀರನ್ನು ಬೆಟ್ಟದ ಮೇಲೆ ಹಿಡಿದಿಟ್ಟುಕೊಂಡು, ಬಾಯ್ಬಿಡುವ ಜನದ ಮೇಲೆ ಕ್ಷಣಮಾತ್ರ ಸುರಿಸಿ ನಿಲ್ಲಿಸುವನು. ನೀರಿಗೆ ದಾಸರಾಗಬೇಡಿರೆಂದು ಉಪದೇಶವನ್ನೂ ಮಾಡುವನು! ಅವನ ಸೆರೆಯಿಂದ ತಪ್ಪಿಸಿಕೊಂಡ ಹೆಂಗಸರು ಆಭೀರರಿಂದ ಅಪಹೃತರಾದವರಂತೆ ಮೂಕರಲ್ಲ. ಗಾಡಿಯನ್ನು ನಡೆಸುವವಳೂ ಹೆಂಗಸು. ಅರ್ಜುನನ ಸ್ಥಾನದಲ್ಲಿರುವ ಮ್ಯಾಕ್ಸ್ ಇಲ್ಲಿ ಸಹಾಯಕ. ಮುದುಕಿಯೊಬ್ಬಳು ಚೀಲದಲ್ಲಿ ಬೀಜಗಳನ್ನು ಕಾಪಾಡಿಕೊಂಡಿರುವಳು. ಅವರು ಹುಡುಕಿ ಹೊರಟ ಹಸುರು ನಾಡು ಕೆಟ್ಟು ಕೆಸರಾಗಿರುವುದು ತಿಳಿದಾಗ, ಇನ್ನೂ ಮುಂದಕ್ಕೆ ಓಡದೆ, ನೀರಿರುವ ಆ ಬೆಟ್ಟಕ್ಕೇ ಹಿಂದಿರುಗುವರು. ಮಾಲೆಯಲ್ಲೆಲ್ಲ ಇದಕ್ಕಿಂತ ಧೀರವಾದ ಕಾರ್ಯವನ್ನು ನಾನು ಕಾಣೆನು.

ಕೊನೆಯಲ್ಲಿ ತೂಬು ತೆರೆಯುವುದು, ನೀರು ಧುಮುಕುವುದು, ಚಿತ್ರ ಮುಗಿಯುವುದು. ಮಾರನೆಯ ಬೆಳಿಗ್ಗೆ ಯಾರಿಗೆ ಎಷ್ಟು ನೀರು, ಅಳೆಯುವವರು ಯಾರು ಎಂಬುದನ್ನು ಹೇಳಿಲ್ಲ. ಕಾವೇರಿಯ ನೀರನ್ನು ಹಂಚಲು 1990ರಲ್ಲಿ ನ್ಯಾಯಮಂಡಲಿಯು ಕುಳಿತಿತು, 2007ರಲ್ಲಿ ತೀರ್ಪು ಕೊಟ್ಟಿತು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಿದ್ದಿತು. ವಿಶ್ವೇಶ್ವರಯ್ಯ ನಾಲೆಯ ಕೊನೆಯಲ್ಲಿರುವ ನಮ್ಮ ತಾಲ್ಲೂಕಿನ ಗದ್ದೆಯವನು ಇಷ್ಟಾದ ಮೇಲೂ ಬೇಸಗೆಯಲ್ಲಿ ನೀರಗಂಟಿಯ ದಾರಿಯನ್ನು ನೋಡುತ್ತಿರುವನು. ಮಿಲ್ಲರ್ ಮಹಾಶಯರು ಆರನೆಯ ಚಿತ್ರವನ್ನು ತೆಗೆಯುವುದಾದರೆ ಆ ಮಾರನೆಯ ಬೆಳಿಗ್ಗೆಯಿಂದ ಆರಂಭಿಸಲಿ. ಅದನ್ನು ಮೊದಲ ದಿನವೇ ಹೋಗಿ ನೋಡುವೆನು.