ಸಹ-ನಿರ್ಲಕ್ಷ್ಯ (ಮೋಟಾರು ಅಪಘಾತ ಪರಿಹಾರ)

ರಸ್ತೆ ಅಪಘಾತದಲ್ಲಿ ಮಡಿದ ವ್ಯಕ್ತಿಯದೂ ಒಂದಿಷ್ಟು ತಪ್ಪಿದ್ದರೆ, ಆ ಪಾಲಿನಷ್ಟು ಪರಿಹಾರವನ್ನು ಕಡಿತಗೊಳಿಸುವ ಕಾನೂನು ತತ್ವ. ಭಾರತದಲ್ಲಿ ಅವಲಂಬಿತರು 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸುತ್ತಾರೆ. ಕರ್ನಾಟಕದ ಕೋರ್ಟು ಆವರಣಗಳಲ್ಲಿ ಇದಕ್ಕೆ 'ಎಂವಿಸಿ ಕೇಸು' ಎಂಬುದೇ ರೂಢಿಯ ಹೆಸರು. ಮೃತರ ಆದಾಯ, ವಯಸ್ಸು, ಅವಲಂಬಿತರ ಸಂಖ್ಯೆ ನೋಡಿ ಮೊದಲು ಪೂರ್ಣ ಮೊತ್ತ ಲೆಕ್ಕಹಾಕಲಾಗುತ್ತದೆ. ಅದು 20 ಲಕ್ಷ ರೂಪಾಯಿ, ಮೃತರ ತಪ್ಪು ಶೇ 25 ಎಂದಾದರೆ ಕುಟುಂಬಕ್ಕೆ ದಕ್ಕುವುದು 15 ಲಕ್ಷ.

ಮೃತರದೂ ತಪ್ಪಿತ್ತು ಎಂಬ ವಾದವನ್ನು ವಿಮಾ ಕಂಪನಿಗಳು ಧಾರಾಳವಾಗಿಯೇ ಎತ್ತುತ್ತವೆ. ಆದರೆ ನಿಯಮ ಮುರಿದ ಮಾತ್ರಕ್ಕೆ ಕಡಿತ ಸಲ್ಲದು. ಬೈಕಿನಲ್ಲಿ ಮೂವರು ಕುಳಿತಿದ್ದರು ಎಂಬುದಷ್ಟೇ ಸಾಲದು, ಅಪಘಾತಕ್ಕೋ ಅದರ ತೀವ್ರತೆಗೋ ಅದು ಕಾರಣವಾಯಿತೆಂದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು.

ಎರಡು ವಾಹನಗಳ ಚಾಲಕರ ತಪ್ಪಿನಿಂದ ನಿರಪರಾಧಿ ಪ್ರಯಾಣಿಕ ಸತ್ತರೆ ಮಾತು ಬೇರೆ. ಅದು ಸಂಯುಕ್ತ ನಿರ್ಲಕ್ಷ್ಯ. ಸುಪ್ರೀಂ ಕೋರ್ಟಿನ 2015ರ ತೀರ್ಪಿನ ಪ್ರಕಾರ ಕುಟುಂಬ ಯಾವುದೇ ಒಂದು ಕಡೆಯಿಂದ ಪೂರ್ಣ ಹಣ ವಸೂಲು ಮಾಡಬಹುದು.

ತಪ್ಪಿನ ಚರ್ಚೆಯೇ ಬೇಡವೆನ್ನುವವರಿಗೆ 164ನೇ ಕಲಮಿದೆ: ಸಾವಿಗೆ 5 ಲಕ್ಷ ರೂಪಾಯಿ. 2022ರ ಏಪ್ರಿಲ್ 1ರಿಂದ 166ರ ಅರ್ಜಿಗೆ ಆರು ತಿಂಗಳ ಗಡುವೂ ಜಾರಿಗೆ ಬಂದಿದೆ.