ಮೈಕ್ರೋಸಾಫ್ಟ್ ಉದ್ಯೋಗ ಸಂದರ್ಶನ

ಮೈಕ್ರೋಸಾಫ್ಟ್ ಉದ್ಯೋಗ ಸಂದರ್ಶನ ಎಂಬುದು ಅಮೆರಿಕದ ತಂತ್ರಾಂಶ ಸಂಸ್ಥೆಯಾದ ಮೈಕ್ರೋಸಾಫ್ಟ್ ತನ್ನ ಇಂಜಿನಿಯರುಗಳನ್ನೂ ಇತರ ನೌಕರರನ್ನೂ ಆರಿಸಿಕೊಳ್ಳಲು ರೂಢಿಸಿಕೊಂಡ ವಿಧಾನವಾಗಿದೆ. ಒಗಟಿನಂತಹ ಪ್ರಶ್ನೆಗಳಿಂದಾಗಿ ಇದು ಪ್ರಸಿದ್ಧವಾಯಿತು. ಇತರ ಅನೇಕ ಸಂಸ್ಥೆಗಳು ಇದನ್ನು ಅನುಕರಿಸಿದವು. ಕಾಲಕ್ರಮೇಣ ಒಗಟುಗಳು ಹಿಂದೆ ಸರಿದು, ಪ್ರೋಗ್ರಾಂ ರಚನೆಯ ಪರೀಕ್ಷೆ ಹಾಗೂ ಅಭ್ಯರ್ಥಿಯು ಇತರರೊಡನೆ ಕೆಲಸ ಮಾಡುವ ರೀತಿಯ ಪರಿಶೀಲನೆಗಳು ಮಹತ್ವ ಪಡೆದವು.

ಹಿನ್ನೆಲೆ

ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ 1975ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. 1986ರಿಂದ ವಾಷಿಂಗ್ಟನ್ ರಾಜ್ಯದ ರೆಡ್ಮಂಡ್ ಅದರ ಕೇಂದ್ರವಾಗಿದೆ. ತಂತ್ರಜ್ಞಾನವು ಬಹುಬೇಗ ಬದಲಾಗುವುದರಿಂದ ಇಂದಿನ ತಿಳಿವಳಿಕೆ ನಾಳೆ ಹಳತಾಗಬಹುದು. ಆದ್ದರಿಂದ ಅಭ್ಯರ್ಥಿಗೆ ಏನು ಗೊತ್ತಿದೆ ಎನ್ನುವುದಕ್ಕಿಂತ ಆತ ಹೇಗೆ ಯೋಚಿಸುತ್ತಾನೆ ಎನ್ನುವುದು ಮುಖ್ಯ ಎಂಬುದು ಈ ವಿಧಾನದ ತಳಹದಿಯಾಗಿತ್ತು.

ಒಗಟು ಕೇಳುವ ಪದ್ಧತಿ ಮೈಕ್ರೋಸಾಫ್ಟ್‌ನಿಂದ ಆರಂಭವಾದುದಲ್ಲ. ಟ್ರಾನ್ಸಿಸ್ಟರ್ ಆವಿಷ್ಕಾರಕರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಕಂಪನಿಗೆ ಬಂದ ಅಭ್ಯರ್ಥಿಗಳಿಗೆ ಗಡಿಯಾರ ಹಿಡಿದು ಒಗಟುಗಳನ್ನು ಕೇಳುತ್ತಿದ್ದರು. 127 ಆಟಗಾರರಿರುವ, ಸೋತವರು ಹೊರನಡೆಯುವ ಟೆನ್ನಿಸ್ ಪಂದ್ಯಾವಳಿಯಲ್ಲಿ ಒಟ್ಟು ಎಷ್ಟು ಪಂದ್ಯಗಳು ನಡೆಯುತ್ತವೆ ಎಂಬುದು ಅವುಗಳಲ್ಲೊಂದು. ಪ್ರತಿ ಪಂದ್ಯದಲ್ಲಿ ಒಬ್ಬರು ಹೊರಬೀಳುತ್ತಾರೆ. ವಿಜೇತರೊಬ್ಬರನ್ನು ಬಿಟ್ಟು 126 ಮಂದಿ ಹೊರಬೀಳಬೇಕಾದ್ದರಿಂದ ಉತ್ತರ 126.

ಸಂದರ್ಶನದ ಹಂತಗಳು

ಸಾಮಾನ್ಯವಾಗಿ ಮೊದಲಿಗೆ ದೂರವಾಣಿಯ ಮೂಲಕ ಅಥವಾ ಕಾಲೇಜು ಆವರಣದಲ್ಲಿ ಪ್ರಾಥಮಿಕ ಆಯ್ಕೆ ನಡೆಯುತ್ತಿತ್ತು. ಇದರಲ್ಲಿ ತೇರ್ಗಡೆಯಾದವರು ಒಂದೇ ದಿನ ಹಲವು ಸಂದರ್ಶಕರನ್ನು ಒಬ್ಬರ ನಂತರ ಒಬ್ಬರಂತೆ ಭೇಟಿಯಾಗಬೇಕಿತ್ತು. ಸಂದರ್ಶಕರಲ್ಲಿ ಹೆಚ್ಚಿನವರು ಅಭ್ಯರ್ಥಿಯು ಮುಂದೆ ಕೆಲಸ ಮಾಡಬೇಕಾದ ತಂಡದವರೇ ಆಗಿರುತ್ತಿದ್ದರು. ಪ್ರತಿಯೊಬ್ಬರೂ ‘ಸೇರಿಸಿಕೊಳ್ಳಬಹುದು’ ಅಥವಾ ‘ಬೇಡ’ ಎಂಬ ಸ್ಪಷ್ಟ ಅಭಿಪ್ರಾಯವನ್ನು ಇಮೇಲ್ ಮೂಲಕ ತಿಳಿಸುತ್ತಿದ್ದರು. ಅಭಿಪ್ರಾಯಗಳು ಅನುಕೂಲಕರವಾಗಿದ್ದರೆ ಮಾತ್ರ ದಿನದ ಕೊನೆಗೆ ನಿರ್ಣಾಯಕ ಅಧಿಕಾರವುಳ್ಳ ಹಿರಿಯ ಸಂದರ್ಶಕರ ಭೇಟಿ ಒದಗುತ್ತಿತ್ತು.

ಪ್ರಶ್ನೆಗಳ ಸ್ವರೂಪ

ಪ್ರಶ್ನೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಒಗಟುಗಳು: ರಸ್ತೆಯ ಒಳಚರಂಡಿ ಗುಂಡಿಗಳ ಮುಚ್ಚಳಗಳು ಏಕೆ ದುಂಡಗಿರುತ್ತವೆ ಎಂಬುದು ಅತ್ಯಂತ ಪ್ರಸಿದ್ಧವಾದುದು. ಚೌಕಾಕಾರದ ಮುಚ್ಚಳವನ್ನು ಕರ್ಣದ ದಿಕ್ಕಿಗೆ ತಿರುಗಿಸಿದರೆ ಗುಂಡಿಯೊಳಗೆ ಬೀಳಬಹುದು. ದುಂಡನೆಯದು ಯಾವ ಕಡೆಗೆ ತಿರುಗಿಸಿದರೂ ಬೀಳದು ಎಂಬುದು ಒಪ್ಪಿತವಾದ ಉತ್ತರ.

ಅಂದಾಜಿನ ಪ್ರಶ್ನೆಗಳು: ಅಮೆರಿಕದಲ್ಲಿ ಎಷ್ಟು ಪೆಟ್ರೋಲ್ ಬಂಕ್‌ಗಳಿವೆ ಎಂಬಂತಹವು. ಇಲ್ಲಿ ಸರಿಯಾದ ಸಂಖ್ಯೆಗಿಂತ ಜನಸಂಖ್ಯೆ, ವಾಹನಗಳ ಸಂಖ್ಯೆ ಮುಂತಾದವುಗಳಿಂದ ಹಂತಹಂತವಾಗಿ ಲೆಕ್ಕ ಹಾಕುವ ಕ್ರಮಕ್ಕೆ ಬೆಲೆ.

ವಿನ್ಯಾಸದ ಪ್ರಶ್ನೆಗಳು: ಅಂಧರಿಗಾಗಿ ಸಾಂಬಾರ ಪದಾರ್ಥಗಳ ಕಪಾಟನ್ನು ರೂಪಿಸುವುದು ಇಂತಹುದು. ಬಳಸುವವರ ಅಗತ್ಯವನ್ನು ಅಭ್ಯರ್ಥಿಯು ಗಮನಿಸುತ್ತಾನೆಯೇ ಎಂಬುದನ್ನು ಇದು ತೋರಿಸುತ್ತದೆ.

ಪ್ರೋಗ್ರಾಂ ರಚನೆ: ಬಿಳಿಹಲಗೆಯ ಮೇಲೆ ಪ್ರೋಗ್ರಾಂ ಬರೆದು, ಅದರಲ್ಲಿನ ದೋಷಗಳನ್ನು ತಾನೇ ಹುಡುಕಿ, ಪ್ರತಿ ಹೆಜ್ಜೆಯನ್ನೂ ವಿವರಿಸಬೇಕು.

ಟೀಕೆ

ಲೇಖಕ ವಿಲಿಯಂ ಪೌಂಡ್‌ಸ್ಟೋನ್ 2003ರಲ್ಲಿ ಈ ಪದ್ಧತಿಯ ಕುರಿತು ಪ್ರಕಟಿಸಿದ ಪುಸ್ತಕವು, ಫ್ಯೂಜಿ ಪರ್ವತವನ್ನು ಹೇಗೆ ಸರಿಸುವಿರಿ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯನ್ನಾಗಿ ಹೊಂದಿದೆ. ಒಗಟುಗಳೂ ಅವುಗಳ ಉತ್ತರಗಳೂ ಹೀಗೆ ಎಲ್ಲರಿಗೂ ದೊರೆಯತೊಡಗಿದ ಮೇಲೆ, ಯೋಚಿಸಿ ಉತ್ತರಿಸುವವರನ್ನೂ ಕಂಠಪಾಠ ಮಾಡಿ ಬಂದವರನ್ನೂ ಬೇರ್ಪಡಿಸುವುದು ಕಷ್ಟವಾಯಿತು. ಗೂಗಲ್‌ನ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್, ತಮ್ಮ ಸಂಸ್ಥೆಯ ಅನುಭವದಲ್ಲಿ ಇಂತಹ ಒಗಟುಗಳಿಂದ ಪ್ರಯೋಜನವಾಗಲಿಲ್ಲವೆಂದು 2013ರಲ್ಲಿ ಬಹಿರಂಗವಾಗಿ ತಿಳಿಸಿದರು. ಮನೋವಿಜ್ಞಾನಿಗಳಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಲ್ಲರಿಗೂ ಒಂದೇ ಕ್ರಮದಲ್ಲಿ ನಡೆಸುವ ಸಂದರ್ಶನವು ಮನಬಂದಂತೆ ನಡೆಸುವ ಸಂದರ್ಶನಕ್ಕಿಂತ ಹೆಚ್ಚು ವಿಶ್ವಾಸಾರ್ಹ.

ಕೆಲಸದ ಪರಿಸರ ಮತ್ತು ಮೌಲ್ಯಮಾಪನ

ಅಳೆಯುವ ಪದ್ಧತಿ ಆಯ್ಕೆಯೊಂದಿಗೆ ಮುಗಿಯುತ್ತಿರಲಿಲ್ಲ. ಬಹುಕಾಲ ಪ್ರತಿ ತಂಡದ ನೌಕರರನ್ನು ಪರಸ್ಪರ ಹೋಲಿಸಿ, ನಿಗದಿತ ಪ್ರಮಾಣದಲ್ಲಿ ಮೇಲಿನ ಹಾಗೂ ಕೆಳಗಿನ ಶ್ರೇಣಿಗಳಲ್ಲಿ ಇರಿಸಲಾಗುತ್ತಿತ್ತು. ತಂಡದ ಎಲ್ಲರೂ ಚೆನ್ನಾಗಿ ದುಡಿದರೂ ಕೆಲವರು ಕೆಳಗಿನ ಶ್ರೇಣಿ ಪಡೆಯಲೇಬೇಕಾದ್ದರಿಂದ, ಸಹೋದ್ಯೋಗಿಗಳು ಪ್ರತಿಸ್ಪರ್ಧಿಗಳಾಗುತ್ತಾರೆ ಎಂಬ ಆಕ್ಷೇಪವಿತ್ತು. 2013ರ ನವೆಂಬರ್‌ನಲ್ಲಿ ಸಂಸ್ಥೆಯು ಈ ಪದ್ಧತಿಯನ್ನು ಕೈಬಿಟ್ಟಿತು.

ಕಾಯಂ ನೌಕರರ ಸವಲತ್ತುಗಳಿಲ್ಲದೆ ದೀರ್ಘಕಾಲ ದುಡಿದ ತಾತ್ಕಾಲಿಕ ಕೆಲಸಗಾರರು 1992ರಲ್ಲಿ ಮೊಕದ್ದಮೆ ಹೂಡಿದ್ದರು. ಇದು 2000ದಲ್ಲಿ 9.7 ಕೋಟಿ ಡಾಲರುಗಳ ರಾಜಿಯಲ್ಲಿ ಕೊನೆಗೊಂಡಿತು.

ಭಾರತ ಮತ್ತು ಕರ್ನಾಟಕದ ನಂಟು

ಮೈಕ್ರೋಸಾಫ್ಟ್ 1998ರಲ್ಲಿ ಹೈದರಾಬಾದಿನಲ್ಲಿ ತನ್ನ ಅಭಿವೃದ್ಧಿ ಕೇಂದ್ರವನ್ನೂ, 2005ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಪ್ರಯೋಗಾಲಯವನ್ನೂ ಆರಂಭಿಸಿತು. ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಸತ್ಯ ನಾಡೆಲ್ಲ ಹೈದರಾಬಾದಿನಲ್ಲಿ ಜನಿಸಿದವರು. ಇಂದಿನ ಉಡುಪಿ ಜಿಲ್ಲೆಯ ಮಣಿಪಾಲ ತಾಂತ್ರಿಕ ವಿದ್ಯಾಲಯದಿಂದ 1988ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದವರು.

1992ರಲ್ಲಿ ಸಂಸ್ಥೆಗೆ ಸೇರಿದ ಅವರು ತಮ್ಮ ಸಂದರ್ಶನದ ಪ್ರಸಂಗವೊಂದನ್ನು 2017ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿವರಿಸಿದ್ದಾರೆ. ರಸ್ತೆಯಲ್ಲಿ ಮಗುವೊಂದು ಬಿದ್ದು ಅಳುತ್ತಿದ್ದರೆ ಏನು ಮಾಡುವಿರಿ ಎಂದು ಸಂದರ್ಶಕರು ಕೇಳಿದರು. ತುರ್ತು ಸೇವೆಯ 911 ಸಂಖ್ಯೆಗೆ ಕರೆ ಮಾಡುವೆನೆಂದು ನಾಡೆಲ್ಲ ಉತ್ತರಿಸಿದರು. ಅಳುವ ಮಗುವನ್ನು ಮೊದಲು ಎತ್ತಿಕೊಳ್ಳಬೇಕು, ಅನುಕಂಪ ಬೆಳೆಸಿಕೊಳ್ಳಬೇಕು ಎಂದು ಸಂದರ್ಶಕರು ತಿದ್ದಿದರು. ಆದರೂ ಅವರಿಗೆ ಕೆಲಸ ದೊರೆಯಿತು. 2014ರ ಫೆಬ್ರವರಿ 4ರಂದು ಮುಖ್ಯಸ್ಥರಾದ ಬಳಿಕ ಅವರು ಅನುಕಂಪ ಹಾಗೂ ನಿರಂತರ ಕಲಿಕೆಯನ್ನು ಸಂಸ್ಥೆಯ ಕಾರ್ಯಸಂಸ್ಕೃತಿಯ ಮುಖ್ಯ ಅಂಶಗಳೆಂದು ಘೋಷಿಸಿದರು.